ಹಳೇ ಪತ್ತೇದಾರಿ ಕಾದಂಬರಿಗಳ ಮುಖಪುಟ ಸಂಗ್ರಹ: ಮೈಸೂರಲ್ಲಿ ಶುರು ಮಾಡುವವರಿಗೆ

ಎಲ್ಲಿ ಸಿಗುತ್ತೆ? ಎಷ್ಟು ಕೊಡಬಹುದು? ಹುಳ ಬಿದ್ದಿದೆ, ಏನು ಮಾಡಲಿ? ಹಳೇ ಪತ್ತೇದಾರಿ ಕಾದಂಬರಿಗಳ ಬಗ್ಗೆ ನನ್ನನ್ನು ಕೇಳುವವರೆಲ್ಲ ಸುತ್ತಿ ಬಳಸಿ ಈ ಮೂರಕ್ಕೇ ಬರುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಕಥೆಗಾಗಿ ಪುಸ್ತಕ ಕೂಡಿಡುವವರಿಗೆ ಬರೆದದ್ದಲ್ಲ, ಮುಖಪುಟಕ್ಕಾಗಿ ಕೂಡಿಡುವವರಿಗೆ. ಕೆಂಪು ಹಿನ್ನೆಲೆ, ಹೊಗೆಯಾಡುವ ಪಿಸ್ತೂಲು, ನಮ್ಮ ಏಪ್ರಿಲ್ ಬಿಸಿಲಲ್ಲೂ ಓವರ್‌ಕೋಟು ಬಿಚ್ಚದ ಪತ್ತೇದಾರ, ಬಾಗಿಲ ಸಂದಿಯಲ್ಲಿ ಬೆಚ್ಚಿ ನಿಂತ ಹೆಂಗಸು, ರಕ್ತ ತೊಟ್ಟಿಕ್ಕುವ ಹಾಗೆ ಕೈಯಲ್ಲೇ ಬರೆದ ಹೆಸರು. ಇವುಗಳಿಗೆ ಮರುಳಾದವರ ಲೆಕ್ಕವೇ ಬೇರೆ. ಓದುವವರಿಗೆ ಕೊನೇ ಹಾಳೆ ಹರಿದಿದ್ದರೆ ಪುಸ್ತಕ ದಂಡ, ಕೊಲೆಗಾರ ಯಾರು ಅಂತಲೇ ಗೊತ್ತಾಗುವುದಿಲ್ಲ. ನಮಗೆ ಕೊನೇ ಹಾಳೆ ಹೋದರೆ ಹೋಗಲಿ, ಮುಖಪುಟದ ಮೂಲೆ ಮುರಿದಿರಬಾರದು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಕನ್ನಡದಲ್ಲಿ ಈ ಬಗೆಯ ಅಗ್ಗದ ಕಾದಂಬರಿಗಳ ಸುಗ್ಗಿ 1950ರಿಂದ 1970ರ ದಶಕದವರೆಗೆ ಜೋರಾಗಿತ್ತು. ಎನ್. ನರಸಿಂಹಯ್ಯ ಒಬ್ಬರೇ ನೂರಾರು ಕಾದಂಬರಿ ಬರೆದರು, ಅದರಲ್ಲಿ ಬಹುಪಾಲು ಪತ್ತೇದಾರಿ. ಕನ್ನಡದ ಹಳದಿ ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿ ಅವರೂ ಪತ್ತೇದಾರಿ ಬರೆದವರೇ. ಕೊಂಡು ಓದುವವರಿಗಿಂತ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ, ಅಂದರೆ ದಿನದ ಬಾಡಿಗೆಗೆ ಪುಸ್ತಕ ಕೊಡುವ ಪುಟ್ಟ ಅಂಗಡಿಯಲ್ಲಿ, ತಂದು ಓದುವವರೇ ಜಾಸ್ತಿ. ಒಂದೊಂದು ಪ್ರತಿಯೂ ನೂರಾರು ಕೈ ದಾಟಿದೆ. ದಾಟುವಾಗ ಮೊದಲು ಸವೆಯುವುದು ಹೊದಿಕೆ. ಹಾಗಾಗಿ ಪುಸ್ತಕ ಸಿಗುತ್ತದೆ, ಚೆನ್ನಾಗಿರುವ ಮುಖಪುಟ ಸಿಗುವುದೇ ಕಷ್ಟ.

ಕೈಯಲ್ಲಿ ಏನಿರಬೇಕು

ದೊಡ್ಡ ಖರ್ಚೇನೂ ಇಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ ಒಂದು, ಚಿನಿವಾರರು ಕಣ್ಣಿಗೆ ಹಿಡಿಯುವಂಥದ್ದು. ಆರಿಂಚಿನ ಸ್ಕೇಲು. ಮೆತ್ತಗಿನ ಪೇಂಟ್ ಬ್ರಷ್. ಪೆನ್ಸಿಲ್ (ಪೆನ್ನು ಬೇಡ, ಜೆಲ್ ಪೆನ್ನಂತೂ ಬೇಡವೇ ಬೇಡ). ಬಟ್ಟೆ ಚೀಲ, ಅದರೊಳಗೆ ಎರಡು ಗಟ್ಟಿ ರಟ್ಟು. ಕೊಂಡ ಪುಸ್ತಕವನ್ನು ಆ ರಟ್ಟುಗಳ ನಡುವೆ ಇಟ್ಟು ರಬ್ಬರ್ ಬ್ಯಾಂಡ್ ಹಾಕದೆ ದಾರದಲ್ಲಿ ಸಡಿಲವಾಗಿ ಕಟ್ಟಿ. ರಬ್ಬರ್ ಬ್ಯಾಂಡ್ ಅಂಚು ಕೊಯ್ಯುತ್ತದೆ, ಬೇಸಿಗೆಯಲ್ಲಿ ಕರಗಿ ಅಂಟುತ್ತದೆ.

1. ಏನು ಬೇಕು, ಏನು ಬೇಡ ಅಂತ ಮೊದಲೇ ಗೆರೆ ಎಳೆದುಕೊಳ್ಳಿ

ಸಿಕ್ಕಿದ್ದೆಲ್ಲ ಬಾಚಿಕೊಂಡರೆ ಆರು ತಿಂಗಳಲ್ಲಿ ಅಟ್ಟ ತುಂಬುತ್ತದೆ, ಮನೆಯವರ ತಾಳ್ಮೆ ಖಾಲಿಯಾಗುತ್ತದೆ. ಒಂದು ದಶಕ, ಒಬ್ಬ ಚಿತ್ರಕಾರ, ಒಂದು ಪ್ರಕಾಶನ, ಇಲ್ಲವೇ ಒಂದು ವಸ್ತು ಅಂತ ಹಿಡಿದುಕೊಳ್ಳಿ. ಬರೀ ಟಾರ್ಚ್ ಬೆಳಕಿರುವ ಮುಖಪುಟಗಳು, ಬರೀ ಕಾರು ಇರುವವು ಅಂತ ಕೂಡಿಡುವವರೂ ಇದ್ದಾರೆ. ನನ್ನದು ಕೈಬರಹದ ಶೀರ್ಷಿಕೆಗಳು. ಹೆಸರನ್ನು ಚಿತ್ರಕಾರರೇ ಕುಂಚದಲ್ಲಿ ಬರೆಯುತ್ತಿದ್ದ ಕಾಲ ಅದು. ಒತ್ತಕ್ಷರವನ್ನು ಚಾಕು ಮಾಡಿ, ಸೊನ್ನೆಯನ್ನು ಗುಂಡಿನ ತೂತು ಮಾಡಿ, ಕೊಂಬನ್ನು ಹಗ್ಗದ ಕುಣಿಕೆ ಮಾಡಿ ಆಡಿದ್ದಾರೆ. ಈ ಆಟ ಕಂಪ್ಯೂಟರ್ ಅಕ್ಷರ ಬಂದ ಮೇಲೆ ಹೆಚ್ಚುಕಮ್ಮಿ ನಿಂತೇ ಹೋಯಿತು.

ಇಂಗ್ಲಿಷ್ ಪೇಪರ್‌ಬ್ಯಾಕ್‌ಗಳೂ ಸೇರಬಹುದಾ ಅಂತ ಕೇಳುತ್ತೀರಿ. ಸೇರಬಹುದು, ಆದರೆ ಅದು ಬೇರೆಯೇ ಹಾದಿ. ಅಮೆರಿಕದಲ್ಲಿ 1939ರಲ್ಲಿ ಪಾಕೆಟ್ ಬುಕ್ಸ್ ಅನ್ನುವ ಪ್ರಕಾಶನ 25 ಸೆಂಟ್‌ಗೆ ಪುಸ್ತಕ ಮಾರಲು ಶುರು ಮಾಡಿದ ಮೇಲೆ ಬಣ್ಣದ ಚಿತ್ರವೇ ಅಂಗಡಿಯಲ್ಲಿ ಗಿರಾಕಿಯನ್ನು ಕೂಗಿ ಕರೆಯುವ ಪದ್ಧತಿ ಬೆಳೆಯಿತು. ಬ್ರಿಟನ್ನಿನ ಪೆಂಗ್ವಿನ್ ಪ್ರಕಾಶನ ಆ ಕಾಲದಲ್ಲಿ ಪತ್ತೇದಾರಿಗೆ ಹಸಿರು ಪಟ್ಟಿ ಮಾತ್ರ ಹಾಕುತ್ತಿತ್ತು, ಚಿತ್ರವೇ ಇಲ್ಲ. ಆ ಪುಸ್ತಕಗಳ ಮುದ್ರಣ ವರ್ಷ, ಚಿತ್ರಕಾರರ ಹೆಸರು ಬಹಳಷ್ಟು ಈಗಾಗಲೇ ಪಟ್ಟಿಯಾಗಿವೆ. ನಮ್ಮವುಗಳಿಗೆ ಅಂಥ ಪಟ್ಟಿ ಸಿಗುವುದಿಲ್ಲ. ಮೊದಲ ವರ್ಷ ಎರಡನ್ನೂ ಬೆರೆಸಬೇಡಿ ಅನ್ನುವುದು ನನ್ನ ಸಲಹೆ. ಎರಡರಲ್ಲೂ ಕಣ್ಣು ಪಳಗುವುದಿಲ್ಲ.

2. ಎಲ್ಲಿ ಹುಡುಕಬೇಕು

ಪುಸ್ತಕದಂಗಡಿಯಲ್ಲಿ ಅಲ್ಲ. ಹಳೇ ಪೇಪರ್ ಅಂಗಡಿಯಲ್ಲಿ.

ಮೈಸೂರಿನ ಅಗ್ರಹಾರ, ಚಾಮರಾಜಪುರ, ಕೃಷ್ಣಮೂರ್ತಿಪುರ, ಒಂಟಿಕೊಪ್ಪಲು, ಸರಸ್ವತಿಪುರದ ಕಡೆ ಹಳೇ ಹೆಂಚಿನ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟ್ ಏಳುತ್ತಿವೆ. ಒಂದು ಮನೆ ಕೆಡವುವ ಮುಂಚೆ ಅಟ್ಟದ ಸಾಮಾನು ಇಳಿಯುತ್ತದೆ. ಹಿತ್ತಾಳೆ ಒಂದು ಕಡೆ ಹೋಗುತ್ತದೆ, ಪುಸ್ತಕ ಹತ್ತಿರದ ಪೇಪರ್ ಅಂಗಡಿಗೆ ತೂಕಕ್ಕೆ ಹೋಗುತ್ತದೆ. ಅಲ್ಲಿ ಅದು ಇರುವುದು ಕೆಲವೇ ದಿನ. ಆಮೇಲೆ ಲಾರಿ ಹತ್ತಿ ಪೇಪರ್ ಮಿಲ್ಲಿಗೆ. ನೀವು ನಡುವೆ ನುಗ್ಗಬೇಕಾದದ್ದು ಆ ಕೆಲವು ದಿನಗಳಲ್ಲಿ.

ಅಂಗಡಿಗೆ ಹೋಗಿ "ಹಳೇ ಪುಸ್ತಕ ಇದೆಯಾ" ಅಂದರೆ ಪಿಯುಸಿ ಗೈಡುಗಳ ರಾಶಿ ತೋರಿಸುತ್ತಾರೆ. "ಅಣ್ಣಾ, ಪತ್ತೇದಾರಿ ಕಾದಂಬರಿ, ಚಿಕ್ಕ ಸೈಜಿಂದು, ಬಂದ್ರೆ ಕಟ್ಟು ಬಿಚ್ಚದೆ ಇಟ್ಟಿರಿ, ನಾನೇ ಬಂದು ನೋಡ್ತೀನಿ" ಅನ್ನಿ. ಕೈಯಲ್ಲಿ ಒಂದು ಪ್ರತಿ ಹಿಡಿದುಕೊಂಡು ಹೋಗಿ ತೋರಿಸಿದರೆ ಇನ್ನೂ ಒಳ್ಳೇದು. ಮಾತಿಗಿಂತ ಬಣ್ಣ ಚೆನ್ನಾಗಿ ನೆನಪಿರುತ್ತದೆ. ಫೋನ್ ನಂಬರ್ ಕೊಟ್ಟು ಬನ್ನಿ. ಅವರು ಫೋನ್ ಮಾಡಿ ಕರೆದಾಗ, ಬೇಕಾದ್ದು ಸಿಗದಿದ್ದರೂ ಬರಿಗೈಯಲ್ಲಿ ವಾಪಸ್ ಬರಬೇಡಿ. ಒಂದು ಕೆ.ಜಿ. ಏನಾದರೂ ಕೊಳ್ಳಿ. ಎರಡು ಸಲ ಬರಿಗೈಯಲ್ಲಿ ಬಂದರೆ ಮೂರನೇ ಫೋನ್ ಬರುವುದಿಲ್ಲ.

ಕಾಲವೂ ಮುಖ್ಯ. ದಸರಾ ಶುರುವಾಗುವ ಮುಂಚಿನ ಪಕ್ಷದಲ್ಲಿ ಮನೆ ಮನೆಯಲ್ಲಿ ಧೂಳು ಹೊಡೆಯುತ್ತಾರೆ, ಬೊಂಬೆ ಪೆಟ್ಟಿಗೆ ಇಳಿಸುವಾಗ ಪಕ್ಕದಲ್ಲಿದ್ದ ಪುಸ್ತಕದ ಗಂಟೂ ಇಳಿಯುತ್ತದೆ. ಯುಗಾದಿ, ಸಂಕ್ರಾಂತಿಯ ಹಿಂದಿನ ವಾರಗಳೂ ಹಾಗೇ. ಏಪ್ರಿಲ್, ಮೇ ತಿಂಗಳು ಹೋಗಬೇಡಿ. ಪರೀಕ್ಷೆ ಮುಗಿದ ನೋಟ್‌ಬುಕ್ಕಿನ ಗುಡ್ಡ ಎದ್ದಿರುತ್ತದೆ, ಅಗೆಯುವುದು ಸುಮ್ನೆ ಬೆನ್ನುನೋವು.

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಒಂದು ಭಾನುವಾರ ಇಟ್ಟುಕೊಳ್ಳಿ. ಮೈಸೂರಿಗಿಂತ ಅಲ್ಲಿ ಹುಡುಕುವವರು ಕಡಿಮೆ. ಮುಚ್ಚಿಹೋದ ಬಾಡಿಗೆ ಲೈಬ್ರರಿಯ ದಾಸ್ತಾನು ಇನ್ನೂ ಯಾರದೋ ಮನೆಯ ಮೂಟೆಯಲ್ಲಿ ಇರುವುದುಂಟು. ಹಳೇ ಬಸ್‌ಸ್ಟ್ಯಾಂಡ್ ಹತ್ತಿರದ ಕಾಫಿ ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ ವಯಸ್ಸಾದವರನ್ನು ವಿಚಾರಿಸಿ: "ಯಜಮಾನ್ರೇ, ಇಲ್ಲಿ ಬಾಡಿಗೆಗೆ ಪುಸ್ತಕ ಕೊಡ್ತಿದ್ದೋರು ಯಾರು?" ಯಾರಿಗಾದರೂ ನೆನಪಿರುತ್ತದೆ. ಹಳೇ ಪುಸ್ತಕಕ್ಕೆ ಬೆಂಗಳೂರಿನ ಅವೆನ್ಯೂ ರಸ್ತೆ ಎಲ್ಲರಿಗೂ ಗೊತ್ತಿರುವ ಜಾಗ. ಆದರೆ ಅಲ್ಲಿಯವರಿಗೂ ಬೆಲೆ ಗೊತ್ತು.

ಮನೆಗಳಿಂದ ನೇರವಾಗಿ ತಗೊಳ್ಳುವಾಗ ಒಂದು ಎಚ್ಚರ. ಅಜ್ಜನ ಪುಸ್ತಕ ಸುಮ್ನೆ ತಗೊಂಡು ಹೋಗಿ ಅಂತ ಕೊಟ್ಟುಬಿಡುತ್ತಾರೆ. ಆಮೇಲೆ ಮಗಳೋ ಮೊಮ್ಮಗನೋ ದೂರದ ಊರಿಂದ ಬಂದು ಕೇಳುತ್ತಾರೆ. ಮೊದಲ ಹಾಳೆಯಲ್ಲಿ ಹೆಸರು, ತಾರೀಕು ಬರೆದಿದ್ದರೆ ಅದನ್ನು ಕೊಟ್ಟವರಿಗೆ ತೋರಿಸಿ, ಇಟ್ಟುಕೊಳ್ಳುತ್ತೀರಾ ಅಂತ ಒಮ್ಮೆ ಕೇಳಿ. ಕೊಟ್ಟರೆ ಮುಖಪುಟಗಳ ಫೋಟೋ ತೆಗೆದು ಅವರಿಗೂ ಕಳಿಸಿ. ಇದರಿಂದ ನನಗೆ ಪಕ್ಕದ ಮನೆಯ ಅಟ್ಟವೂ ತೆರೆದಿದೆ.

ಆನ್‌ಲೈನಲ್ಲಿ ಕೊಳ್ಳುವುದಾದರೆ ಬೆನ್ನಿನ, ಅಂದರೆ ಹಾಳೆಗಳು ಸೇರುವ ಬದಿಯ ಫೋಟೋ, ಹಿಂಬದಿಯ ಫೋಟೋ, ಓರೆ ಬೆಳಕಿನಲ್ಲಿ ತೆಗೆದ ಮುಖಪುಟದ ಫೋಟೋ, ಈ ಮೂರನ್ನು ಕೇಳಿ. ಕೊಡದವರಿಂದ ಕೊಳ್ಳಬೇಡಿ.

3. ಕೈಗೆ ಬಂದ ಕೂಡಲೇ ಪರೀಕ್ಷೆ

ಮುಖಪುಟ ನೋಡಿ ಮನಸೋಲುವ ಮುಂಚೆ ಪುಸ್ತಕದ ಬೆನ್ನು ನೋಡಿ. ಈ ಪುಸ್ತಕಗಳಲ್ಲಿ ಹೆಚ್ಚಿನವಕ್ಕೆ ಹೊಲಿಗೆ ಇಲ್ಲ. ಬದಿಯಿಂದ ಪಿನ್ ಹೊಡೆದು, ಮೇಲೆ ಹೊದಿಕೆಯನ್ನು ಅಂಟಿನಲ್ಲಿ ಕೂರಿಸಿರುತ್ತಾರೆ. ಪಿನ್ನು ತುಕ್ಕು ಹಿಡಿದರೆ ಕಂದು ಕಲೆ ಒಳಗಿಂದ ಮುಖಪುಟದ ಚಿತ್ರಕ್ಕೆ ಹರಡುತ್ತದೆ. ಆ ಕಲೆ ಹೋಗುವುದಿಲ್ಲ.

ಆಮೇಲೆ ಅಳತೆ. ಆ ಕಾಲದ ಬಹಳಷ್ಟು ಕಾದಂಬರಿಗಳು ಕ್ರೌನ್ ಸೈಜಿನವು, ಅಂದರೆ ಸುಮಾರು 5 ಇಂಚು ಅಗಲ, ಏಳೂವರೆ ಇಂಚು ಉದ್ದ. ಇದಕ್ಕಿಂತ ಅರ್ಧ ಇಂಚು ಕಡಿಮೆ ಬಂದು, ಹೆಸರಿನ ಅಕ್ಷರ ಅಂಚಿಗೆ ತಗುಲಿಕೊಂಡಿದ್ದರೆ ಲೈಬ್ರರಿಯವರು ಮರುಬೈಂಡ್ ಮಾಡಿಸುವಾಗ ಮೂರು ಕಡೆ ಕತ್ತರಿಸಿದ್ದಾರೆ ಅಂತ ತಿಳಿಯಿರಿ. ಕತ್ತರಿಗೆ ಸಿಗುವುದು ಕೆಳಗಿನ ಮೂಲೆ. ಚಿತ್ರಕಾರ ಸಹಿ ಹಾಕುವುದೂ ಅದೇ ಮೂಲೆಯಲ್ಲಿ.

ಬಣ್ಣ. ಬೆಳಕಿಗೆ ಕೆಂಪು ಮತ್ತು ಹಳದಿ ಬೇಗ ಮಾಸುತ್ತವೆ, ನೀಲಿ ಕಪ್ಪು ಉಳಿಯುತ್ತವೆ. ಮುಖಪುಟವೆಲ್ಲ ನೀಲಿಯಾಗಿ, ಹೆಂಗಸಿನ ಮುಖ ಸತ್ತವರ ಹಾಗೆ ಕಂಡರೆ ಅದು ಕಥೆಯ ಪ್ರಭಾವ ಅಲ್ಲ, ಕಿಟಕಿ ಪಕ್ಕ ಇಟ್ಟದ್ದರ ಪ್ರಭಾವ. ಮುಖಪುಟದ ಬಣ್ಣವನ್ನು ಹಿಂಬದಿಯ ಬಣ್ಣದ ಜೊತೆ ಹೋಲಿಸಿ ನೋಡಿ. ಹಿಂಬದಿ ಸಾಮಾನ್ಯವಾಗಿ ಕಡಿಮೆ ಮಾಸಿರುತ್ತದೆ.

ಇನ್ನು ಒಂದು ವಿಷಯವನ್ನು ದೋಷ ಅಂದುಕೊಂಡು ಎಷ್ಟೋ ಜನ ಒಳ್ಳೇ ಪ್ರತಿ ಬಿಟ್ಟು ಬರುತ್ತಾರೆ: ಬಣ್ಣ ಜರುಗಿರುವುದು. ತುಟಿಯ ಕೆಂಪು ಕೆನ್ನೆಗೆ ಬಂದಿರುತ್ತದೆ, ಹ್ಯಾಟಿನ ನೆರಳು ಹ್ಯಾಟನ್ನು ಬಿಟ್ಟು ನಿಂತಿರುತ್ತದೆ. ಆಗ ಮುಖಪುಟ ಅಚ್ಚಾಗುತ್ತಿದ್ದದ್ದು ಬ್ಲಾಕಿನಲ್ಲಿ. ಬ್ಲಾಕ್ ಅಂದರೆ ಚಿತ್ರವನ್ನು ಕೊರೆದ ಲೋಹದ ತಗಡು. ಬರೀ ಗೆರೆ ಮತ್ತು ಗಟ್ಟಿ ಬಣ್ಣದ್ದಾದರೆ ಲೈನ್ ಬ್ಲಾಕ್. ನೆರಳು ಬೆಳಕನ್ನು ಸಣ್ಣ ದೊಡ್ಡ ಚುಕ್ಕೆಗಳಾಗಿ ಒಡೆದಿದ್ದರೆ ಹಾಫ್‌ಟೋನ್ ಬ್ಲಾಕ್. ಒಂದೊಂದು ಬಣ್ಣಕ್ಕೂ ಒಂದೊಂದು ಬ್ಲಾಕ್, ಹಾಳೆ ಅಷ್ಟೇ ಸಲ ಮಷಿನ್ನಿಗೆ ಹೋಗಬೇಕು. ಒಂದು ಸಲ ಕೂದಲೆಳೆಯಷ್ಟು ಸರಿದರೂ ಬಣ್ಣ ಜರುಗುತ್ತದೆ. ಒಂದೇ ಪುಸ್ತಕದ ಎರಡು ಪ್ರತಿ ಒಂದೇ ಥರ ಇರುವುದಿಲ್ಲ. ನನಗಂತೂ ಜರುಗಿದ್ದೇ ಇಷ್ಟ.

ಎರಡು ಬಣ್ಣದಲ್ಲೇ ಮುಗಿಸಿದ ಮುಖಪುಟಗಳನ್ನು ಗಮನವಿಟ್ಟು ನೋಡಿ. ಬ್ಲಾಕು ದುಬಾರಿ, ಹಾಗಾಗಿ ಕೆಂಪು ಕಪ್ಪು ಎರಡೇ. ಕಾಗದದ ಬಿಳಿಯನ್ನೇ ಮೂರನೇ ಬಣ್ಣವಾಗಿ ಬಳಸಿರುತ್ತಾರೆ. ಟಾರ್ಚಿನ ಬೆಳಕು ಅಂದರೆ ಶಾಯಿ ಇಲ್ಲದ ಜಾಗ, ಅಷ್ಟೇ. ಬ್ಲಾಕಿನ ಬದಲಿಗೆ ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣ ಬಂದ ಮೇಲಿನ ಎಷ್ಟೋ ಮುಖಪುಟಗಳಿಗೆ ಈ ಬಿಗಿ ಇಲ್ಲ.

ನಕಲಿನ ಬಗ್ಗೆ. ಒಳಪುಟ ಹಳೇದು, ಮುಖಪುಟ ಮಾತ್ರ ಕಲರ್ ಜೆರಾಕ್ಸ್. ಇದು ಹೆಚ್ಚಾಗುತ್ತಿದೆ. ಕಂಡುಹಿಡಿಯುವುದು ಸುಲಭ. ಕಣ್ಣಿಗೆ ಕಾಣುವ ಮಡಿಕೆಯ ಮೇಲೆ ಬೆರಳು ಆಡಿಸಿ. ಮಡಿಕೆ ಕಾಣುತ್ತಿದೆ, ಆದರೆ ಬೆರಳಿಗೆ ಸಿಗುತ್ತಿಲ್ಲ ಅಂದರೆ ಅದು ಮಡಿಕೆಯ ಫೋಟೋ! ಭೂತಗನ್ನಡಿಯಲ್ಲಿ ನೋಡಿದರೆ ಬ್ಲಾಕಿನ ಅಚ್ಚಿನಲ್ಲಿ ಶಾಯಿ ಅಂಚಿಗೆ ಒತ್ತರಿಸಿಕೊಂಡು ಗೆರೆಯ ಸುತ್ತ ಗಾಢ ಕಟ್ಟು ಕಾಣುತ್ತದೆ. ಜೆರಾಕ್ಸಿನಲ್ಲಿ ಪುಡಿ ಮೇಲೆ ಕೂತಂತೆ ಹೊಳೆಯುತ್ತದೆ, ಬೆನ್ನಿನ ಮಡಿಕೆಯಲ್ಲಿ ಬಿರಿದು ಬಿಳಿ ಕಾಗದ ಇಣುಕುತ್ತದೆ.

ಸೆಲ್ಲೋಟೇಪ್ ಹಾಕಿದ್ದರೆ ಬಿಡಿ. ಲ್ಯಾಮಿನೇಷನ್ ಮಾಡಿಸಿದ್ದರೂ ಬಿಡಿ. ಲೈಬ್ರರಿ ಮೊಹರು ಇದ್ದರೆ ಬಿಡಬೇಡಿ. ಊರಿನ ಹೆಸರಿರುವ ಮೊಹರು ಚಿತ್ರದ ಮುಖಕ್ಕೆ ಬಿದ್ದಿಲ್ಲದಿದ್ದರೆ ಅದು ಪುಸ್ತಕ ಓಡಾಡಿದ ದಾರಿಯ ಗುರುತು.

4. ಕಾಲವನ್ನು ಪತ್ತೆ ಹಚ್ಚುವುದು

ಪತ್ತೇದಾರಿ ಕೆಲಸ ಇರುವುದು ಇಲ್ಲೇ. ಎಷ್ಟೋ ಪುಸ್ತಕಗಳಲ್ಲಿ ಮುದ್ರಣದ ವರ್ಷ ಇರುವುದಿಲ್ಲ, ಇದ್ದ ಹಾಳೆ ಹರಿದಿರುತ್ತದೆ. ಸುಳಿವುಗಳು ಹೀಗೆ.

ಬೆಲೆ ನೋಡಿ. ಆಣೆಯಲ್ಲಿದ್ದರೆ 1957ಕ್ಕಿಂತ ಹಿಂದಿನದು, ಅಥವಾ ಅದರ ಆಸುಪಾಸಿನದು. ಆ ವರ್ಷ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂತು. ಹಳೇ ಲೆಕ್ಕದ ರೂಢಿ ಒಂದೇ ದಿನಕ್ಕೆ ಹೋಗಲಿಲ್ಲ ಅನ್ನುವುದನ್ನೂ ನೆನಪಿಡಿ. "ನಯಾ ಪೈಸೆ" ಅಥವಾ "ನ.ಪೈ." ಅಂತಿದ್ದರೆ 1957ರಿಂದ 1964ರ ನಡುವೆ. 1964ರ ಜೂನ್‌ನಲ್ಲಿ "ನಯಾ" ಬಿದ್ದುಹೋಗಿ ಬರೀ ಪೈಸೆ ಆಯಿತು.

ವಿಳಾಸ ನೋಡಿ. ಹಲವು ಪ್ರಕಾಶಕರ ವಿಳಾಸ ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆ ಕಡೆಯದು. "ಬೆಂಗಳೂರು-2" ಅಂತ ಬರೀ ವಲಯದ ಸಂಖ್ಯೆ ಇದ್ದರೆ 1972ಕ್ಕೆ ಮುಂಚಿನದಿರಬಹುದು. ಆರು ಅಂಕಿಯ ಪಿನ್‌ಕೋಡ್, ಅಂದರೆ "560 002" ಥರದ್ದು, ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಪಿನ್‌ಕೋಡ್ ಇದ್ದರೆ ಖಂಡಿತ ಆಮೇಲಿನದು. ಇಲ್ಲದಿದ್ದರೆ ಮುಂಚಿನದೇ ಅಂತ ಹೇಳಲಾಗದು, ಹಳೇ ಚಾಳಿ ಬಿಡದವರು ಎಷ್ಟೋ ಜನ.

"ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದು. ಅವತ್ತೇ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು. ಹಿಂಬದಿಯ ಜಾಹೀರಾತು, "ನಮ್ಮ ಮುಂದಿನ ಪ್ರಕಟಣೆ" ಪಟ್ಟಿ ಕೂಡ ನೋಡಿ. ಅದೇ ಪ್ರಕಾಶನದ ವರ್ಷ ಗೊತ್ತಿರುವ ಇನ್ನೊಂದು ಪುಸ್ತಕ ಆ ಪಟ್ಟಿಯಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು.

ಒಳಪುಟದ ಹಿಂದೆ ಬೆರಳು ಆಡಿಸಿ. ಅಕ್ಷರ ಉಬ್ಬಿದ ಹಾಗೆ ಸಿಕ್ಕರೆ ಅಚ್ಚುಮೊಳೆ ಜೋಡಿಸಿ ಒತ್ತಿದ್ದು. ನುಣ್ಣಗಿದ್ದರೆ ಆಫ್‌ಸೆಟ್, ಈಚಿನದು. ₹ ಚಿಹ್ನೆ ಇದ್ದರೆ 2010ರ ನಂತರದ ಮರುಮುದ್ರಣ. ಎಂಟಂಕಿಯ ಫೋನ್ ನಂಬರ್, ಮೊಬೈಲ್ ನಂಬರ್ ಇದ್ದರೂ ಹೊಸದೇ. ಮರುಮುದ್ರಣ ಓದೋಕೆ ಚೆನ್ನ, ನಮ್ಮ ಕೆಲಸಕ್ಕೆ ಬರುವುದಿಲ್ಲ. ಆದರೆ ಹಳೇ ಚಿತ್ರವನ್ನೇ ಮತ್ತೆ ಹಾಕಿದ ಮರುಮುದ್ರಣವನ್ನು ಹೋಲಿಕೆಗೆ ಒಂದು ಇಟ್ಟುಕೊಳ್ಳಿ.

ಒಂದು ಬೋನು ಇದೆ. ಅದೇ ಬ್ಲಾಕನ್ನು ಬೇರೆ ಪುಸ್ತಕಕ್ಕೆ ಹಾಕಿ, ಬಣ್ಣ ಮಾತ್ರ ಬದಲಿಸುವುದು. ಇಂಗ್ಲಿಷ್ ಪೇಪರ್‌ಬ್ಯಾಕಿನ ಚಿತ್ರ ನೋಡಿ ಬರೆದು, ಹೆಂಗಸಿಗೆ ಸೀರೆ ಉಡಿಸಿ ಕುಂಕುಮ ಇಟ್ಟದ್ದೂ ಉಂಟು. ಚಿತ್ರ ಮೊದಲು ಯಾವುದರಲ್ಲಿ ಬಂತು ಅಂತ ಖಚಿತವಾಗದೆ "ಮೊದಲ ಮುದ್ರಣ" ಅಂತ ಬರೆದುಕೊಳ್ಳಬೇಡಿ.

5. ಎಷ್ಟು ಕೊಡಬಹುದು

ಪೇಪರ್ ಅಂಗಡಿಯಲ್ಲಿ ತೂಕದ ಬೆಲೆಗಿಂತ ಜಾಸ್ತಿ ಕೊಡಿ, ಆದರೆ ಪುಸ್ತಕಕ್ಕೆ ಇಷ್ಟು ಅಂತ ಮೊದಲ ದಿನವೇ ಶುರು ಮಾಡಬೇಡಿ. ಇಡೀ ಕಟ್ಟಿಗೆ ಇಷ್ಟು ಅಂತ ಮಾತಾಡಿ. ನಾನು ಬಿಡಿ ಪ್ರತಿಗೆ 200 ರೂಪಾಯಿ ದಾಟಿದರೆ ಒಂದು ರಾತ್ರಿ ಮಲಗಿ ಯೋಚಿಸುತ್ತೇನೆ, 500 ದಾಟಿದರೆ ಕೈ ಮುಗಿದು ಬರುತ್ತೇನೆ. ಇದು ನನ್ನ ಜೇಬಿನ ಲೆಕ್ಕ, ಮಾರುಕಟ್ಟೆಯ ಲೆಕ್ಕವಲ್ಲ. "ಅಪರೂಪ", "ಆಂಟಿಕ್" ಅಂತ ಕೇಳುವ ಬೆಲೆಗೆ ಯಾವ ಆಧಾರವೂ ಇರುವುದಿಲ್ಲ. ಲಕ್ಷ ಬರುತ್ತೆ ಅಂತ ಕೂಡಿಡುವುದಾದರೆ ಈಗಲೇ ಬಿಟ್ಟುಬಿಡಿ.

6. ಮನೆಗೆ ತಂದ ಮೇಲೆ

ನೇರ ಕಪಾಟಿಗೆ ಇಡಬೇಡಿ. ಹೊಸದಾಗಿ ಬಂದದ್ದು ಹದಿನೈದು ದಿನ ಬೇರೆ ಇರಬೇಕು. ಬಿಳಿ ಹಾಳೆಯ ಮೇಲೆ ಇಟ್ಟು ದಿನಾ ನೋಡಿ. ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳ ಕೊರೆಯುತ್ತಿದೆ.

ಹುಳಕ್ಕೆ ಮದ್ದು ಫ್ರೀಜರ್. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಆದಷ್ಟು ತೆಗೆದು, ಬಿಗಿಯಾಗಿ ಮುಚ್ಚಿ, ಇನ್ನೊಂದು ಚೀಲದೊಳಗೆ ಇಡಿ. ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ ಆಸುಪಾಸು ಇರುತ್ತದೆ, ಎರಡು ವಾರ ಬಿಡಿ. ಹೊರತೆಗೆದ ಮೇಲೆ ಇಡೀ ಒಂದು ದಿನ ಚೀಲ ಬಿಚ್ಚಬೇಡಿ. ತಣ್ಣಗಿದ್ದಾಗಲೇ ಬಿಚ್ಚಿದರೆ ಮುಖಪುಟದ ಮೇಲೆ ಬೆವರಿನ ಹಾಗೆ ನೀರು ಕೂತು ಬಣ್ಣ ಹಾಳಾಗುತ್ತದೆ. ಬಟಾಣಿ ಪ್ಯಾಕೆಟ್ ಪಕ್ಕದಲ್ಲಿ ಕೊಲೆಗಾರ ಮಲಗಿದ್ದಾನೆ ಅಂತ ಮನೆಯವರಿಗೆ ಮೊದಲೇ ಹೇಳಿಡಿ.

ಬಿಸಿಲಿಗೆ ಹಾಕುವುದು ನಮ್ಮ ಹಿರಿಯರ ಪದ್ಧತಿ, ಹಪ್ಪಳ ಸಂಡಿಗೆಗೆ ಸರಿ. ಮುಖಪುಟಕ್ಕೆ ಅದೇ ವಿಷ. ಹಾಗೆಯೇ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ತಾಳೆಗರಿಗೆ ನಿಂಬೆಹುಲ್ಲಿನ ಎಣ್ಣೆ ಹಚ್ಚುತ್ತಾರೆ ಅಂತ ಕೇಳಿ ಕೆಲವರು ಪುಸ್ತಕಕ್ಕೂ ಹಚ್ಚುತ್ತಾರೆ. ತಾಳೆಗರಿ ಬೇರೆ, ಕಾಗದ ಬೇರೆ. ಕಾಗದಕ್ಕೆ ಎಣ್ಣೆ ತಗುಲಿದರೆ ಬಜ್ಜಿ ಕಟ್ಟಿಕೊಟ್ಟ ಪೇಪರ್ ಆಗುತ್ತದೆ.

ಧೂಳನ್ನು ಒಣ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಮಾತ್ರ ತಳ್ಳಿ. ಒದ್ದೆ ಬಟ್ಟೆ ಬೇಡ. ರಬ್ಬರ್ ಹಾಕಿ ಪೆನ್ಸಿಲ್ ಗುರುತು ಅಳಿಸಲು ಹೋಗಬೇಡಿ, ಕೆಳಗಿನ ಶಾಯಿಯೂ ಬರುತ್ತದೆ. ಬೂಷ್ಟು ಹಿಡಿದದ್ದಿದ್ದರೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಪೂರ್ತಿ ಒಣಗಿದ ಮೇಲೆ ಬ್ರಷ್ ಮಾಡಿ. ತುಕ್ಕಿನ ಪಿನ್ನನ್ನು ಕೀಳಲು ಆತುರಪಡಬೇಡಿ. ಹೊದಿಕೆಯ ಒಳಗೆ ಅಡಗಿರುವ ಪಿನ್ನು ಕೀಳಬೇಕಾದರೆ ಹೊದಿಕೆಯನ್ನೇ ಬಿಡಿಸಬೇಕು. ಅದಕ್ಕಿಂತ ತುಕ್ಕೇ ವಾಸಿ.

ಹರಿದಿದ್ದರೆ? ಏನೂ ಮಾಡಬೇಡಿ. ಶುರುವಿನಲ್ಲಿ ನಾನು ಹನ್ನೆರಡು ಪುಸ್ತಕಕ್ಕೆ ಸೆಲ್ಲೋಟೇಪ್ ಹಾಕಿ ಉಪಕಾರ ಮಾಡಿದೆ ಅಂದುಕೊಂಡೆ. ಕೆಲವೇ ವರ್ಷದಲ್ಲಿ ಟೇಪು ಒಣಗಿ ಉದುರಿತು, ಅಂಟು ಮಾತ್ರ ಕಂದು ಪಟ್ಟಿಯಾಗಿ ಚಿತ್ರದೊಳಗೆ ಇಳಿದು ಕೂತಿತು. ಫೆವಿಕಾಲ್ ಕೂಡ ಹಾಗೇ, ಒಮ್ಮೆ ಹಾಕಿದರೆ ಬಿಡಿಸಲಾಗದು. ಮೈದಾ ಅಂಟನ್ನು ಬಿಡಿಸಬಹುದು, ಆದರೆ ಬೆಳ್ಳಿಹುಳಕ್ಕೆ ಅದು ಹಬ್ಬದೂಟ. ಹರಿದ ಚೂರು ಬೇರೆಯಾಗಿದ್ದರೆ ಪುಟ್ಟ ಕವರಿನಲ್ಲಿ ಹಾಕಿ ಪುಸ್ತಕದ ಜೊತೆಗೇ ಇಡಿ.

ಇನ್ನು, ಮುಖಪುಟ ಕಿತ್ತು ಫ್ರೇಮ್ ಹಾಕಿಸೋಣ ಅನ್ನುವ ಆಸೆ. ಎಲ್ಲರಿಗೂ ಬರುತ್ತದೆ. ಬೇಡ. ನಮಗೆ ಬೇಕಾದ್ದು ಮುಖಪುಟವೇ ಆದರೂ ಅದರ ಕಾಲ, ಊರು, ಪ್ರೆಸ್ಸು, ಬೆಲೆ ಎಲ್ಲ ಇರುವುದು ಒಳಗಿನ ಹಾಳೆಯಲ್ಲಿ, ಹಿಂಬದಿಯಲ್ಲಿ. ಕಿತ್ತ ಮುಖಪುಟ ಗುರುತಿನ ಚೀಟಿ ಇಲ್ಲದ ಹೆಣ. ಗೋಡೆಗೆ ಬೇಕಾದರೆ ಸ್ಕ್ಯಾನ್ ಮಾಡಿ ಅದರ ಪ್ರಿಂಟ್ ಹಾಕಿಕೊಳ್ಳಿ.

7. ಇಡುವುದು

ಗರಿಗರಿ ಸದ್ದು ಮಾಡುವ ಪಾಲಿಪ್ರೊಪಿಲೀನ್ ಕವರ್ ತನ್ನಿ, ಹೊಸ ಅಂಗಿ ಸುತ್ತಿ ಬರುವಂಥದ್ದು. ಪ್ಯಾಕಿಂಗ್ ಕವರ್ ಮಾರುವ ಅಂಗಡಿಯಲ್ಲಿ ನೂರರ ಲೆಕ್ಕದಲ್ಲಿ ಸಿಗುತ್ತದೆ. ಕ್ರೌನ್ ಸೈಜಿಗೆ 6 ಇಂಚು ಅಗಲ, 9 ಇಂಚು ಉದ್ದದ್ದು ಸರಿಹೋಗುತ್ತದೆ. ಬಾಯಿಯಲ್ಲಿ ಅಂಟುಪಟ್ಟಿ ಇದ್ದರೆ ಮೊದಲೇ ಕತ್ತರಿಸಿ ಬಿಸಾಡಿ. ಪುಸ್ತಕ ಹೊರತೆಗೆಯುವಾಗ ಅದು ಮುಖಪುಟಕ್ಕೆ ಕಚ್ಚಿಕೊಂಡರೆ ಬಣ್ಣದ ಸಮೇತ ಬರುತ್ತದೆ. ಮೆತ್ತಗೆ ಎಳೆದಾಡುವ, ವಾಸನೆ ಬರುವ ಪಿವಿಸಿ ಕವರ್ ಬೇಡ, ಅದು ಶಾಯಿಗೆ ಅಂಟುತ್ತದೆ. ಕವರಿನ ಬಾಯಿ ಪೂರ್ತಿ ಮುಚ್ಚಬೇಡಿ, ಗಾಳಿಯಾಡಲಿ.

ಮೈಸೂರಿನ ಹವೆ ಕರಾವಳಿಯಷ್ಟು ಕಷ್ಟ ಕೊಡುವುದಿಲ್ಲ. ಆದರೂ ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಕಪಾಟು ಬೇಡ. ಕಬ್ಬಿಣದ ಬೀರು ಒಳ್ಳೇದು, ವಾರಕ್ಕೊಮ್ಮೆ ಬಾಗಿಲು ತೆಗೆದಿಡಿ. ಪುಸ್ತಕ ನೆಟ್ಟಗೆ ನಿಲ್ಲಲಿ, ಬಿಗಿಯಾಗಿ ಸಿಕ್ಕಿಸಬೇಡಿ. ಬೆನ್ನಿನ ಮೇಲ್ತುದಿ ಹಿಡಿದು ಎಳೆಯಬೇಡಿ, ಅಕ್ಕಪಕ್ಕದ ಎರಡನ್ನು ಒಳಕ್ಕೆ ತಳ್ಳಿ ನಡುವಿನದನ್ನು ತೆಗೆಯಿರಿ. ಬೇವಿನ ಎಲೆ ಇಡುವುದಾದರೆ ಪೂರ್ತಿ ಒಣಗಿದ್ದು ಇಡಿ. ಹಸಿ ಎಲೆ ತೇವ ತರುತ್ತದೆ. ನುಸಿಗುಳಿಗೆ ಮಕ್ಕಳಿರುವ ಮನೆಯಲ್ಲಿ ಬೇಡ, ಮಲಗುವ ಕೋಣೆಯಲ್ಲಂತೂ ಬೇಡ.

8. ಸ್ಕ್ಯಾನ್, ಪಟ್ಟಿ, ಮತ್ತು ಚಿತ್ರಕಾರನ ಹೆಸರು

ಚಪ್ಪಟೆ ಗಾಜಿನ ಸ್ಕ್ಯಾನರ್ ಬಳಸಿ, ಹಾಳೆ ಎಳೆದುಕೊಳ್ಳುವ ಬಗೆಯದಲ್ಲ. 600 ಡಿಪಿಐ ಇಡಿ. ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ. 5 ಇಂಚಿನ ಮುಖಪುಟವನ್ನು 600ರಲ್ಲಿ ತೆಗೆದರೆ ಎರಡು ಪಟ್ಟು ದೊಡ್ಡದಾಗಿ, 10 ಇಂಚು ಅಗಲ 15 ಇಂಚು ಉದ್ದಕ್ಕೆ, ಚೆನ್ನಾಗಿ ಪ್ರಿಂಟ್ ಬರುತ್ತದೆ. ಬಣ್ಣ ತಿದ್ದದ ಮೂಲ ಫೈಲನ್ನು ಬೇರೆ ಇಟ್ಟುಕೊಳ್ಳಿ. ಬೆನ್ನು ಗಟ್ಟಿಯಾಗಿದ್ದರೆ ಗಾಜಿಗೆ ಒತ್ತಬೇಡಿ, ಕಿಟಕಿಯ ನೆರಳು ಬೆಳಕಿನಲ್ಲಿ ಫೋನಿನಿಂದ ಫೋಟೋ ತೆಗೆದರೆ ಸಾಕು. ಫ್ಲ್ಯಾಶ್ ಬೇಡ.

ಈ ಚಿತ್ರಗಳನ್ನು ಪೋಸ್ಟರ್ ಮಾಡಿ ಮಾರಬಹುದಾ ಅಂತಲೂ ಕೇಳುತ್ತಾರೆ. ಪುಸ್ತಕ ನಿಮ್ಮದು, ಚಿತ್ರದ ಹಕ್ಕು ನಿಮ್ಮದಲ್ಲ. ನಮ್ಮ ಕಾಯ್ದೆಯಲ್ಲಿ ಚಿತ್ರಕಾರ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ, ಅದು ಅವರ ಮನೆಯವರದ್ದೋ ಪ್ರಕಾಶಕರದ್ದೋ ಆಗಿರಬಹುದು. ಟಿ-ಶರ್ಟು, ಮಗ್ಗು ಮಾಡುವ ಮುಂಚೆ ಅನುಮತಿ ಬೇಕು.

ಪಟ್ಟಿಯಲ್ಲಿ ಹೆಸರು, ಲೇಖಕರು, ಪ್ರಕಾಶನ, ಮುದ್ರಣಾಲಯ, ಬೆಲೆ, ಅಳತೆ, ಎಷ್ಟು ಬಣ್ಣ, ಎಲ್ಲಿ ಯಾವಾಗ ಸಿಕ್ಕಿತು ಅಂತ ಬರೆಯಿರಿ. ಚಿತ್ರಕಾರರ ಕಾಲಂ ಬಹಳ ದಿನ ಖಾಲಿ ಇರುತ್ತದೆ. ಒಳಗೆ ಸಾಮಾನ್ಯವಾಗಿ ಅವರ ಹೆಸರು ಹಾಕುತ್ತಿರಲಿಲ್ಲ, ಮೂಲೆಯಲ್ಲಿ ಎರಡಕ್ಷರದ ಸಹಿ ಇದ್ದರೆ ಪುಣ್ಯ. ಆ ಸಹಿಯನ್ನು ಮಾತ್ರ ದೊಡ್ಡದಾಗಿ ಸ್ಕ್ಯಾನ್ ಮಾಡಿ ಬೇರೆ ಕಡತ ಮಾಡಿ. ಒಂದೇ ಸಹಿ ನಾಲ್ಕೈದು ಮುಖಪುಟಗಳಲ್ಲಿ ಸಿಕ್ಕ ಮೇಲೆ ಹಳೇ ಪ್ರೆಸ್ಸಿನವರಿಗೆ, ಬ್ಲಾಕ್ ಮಾಡುತ್ತಿದ್ದವರಿಗೆ, ಬೋರ್ಡ್ ಬರೆಯುವ ಹಿರಿಯರಿಗೆ, ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನ ಮೇಷ್ಟ್ರುಗಳಿಗೆ ತೋರಿಸಿ. ಹೋಗುವಾಗ ಪುಸ್ತಕವನ್ನೇ ಒಯ್ಯಿರಿ, ಫೋನಿನ ಚಿತ್ರ ಸಾಲದು. ವಯಸ್ಸಾದವರು ಕಾಗದ ಮುಟ್ಟಿ ನೋಡಿದ ಮೇಲೆಯೇ ಮಾತು ಶುರು ಮಾಡುತ್ತಾರೆ. ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ, ತಾರೀಕು ಹಾಕಿ, ಪೆನ್ಸಿಲ್ಲಿನಲ್ಲಿ.